ಹಲ್ಲಿಗೆ ಕೈ ಹಾಕುವ ಡಾಕ್ಟರ ಹೆಸರು ಮೊದಲೇ ಬರೆಸಿಕೊಳ್ಳಿ

ಅಮ್ಮನಿಗೆ ರೂಟ್ ಕೆನಾಲ್ ಮಾಡಿಸಿದ ಮೇಲೆ ನಾವು ಪಟ್ಟ ಪಾಡು ಇನ್ಯಾರಿಗೂ ಬೇಡ. ಅದಕ್ಕೇ ಬರೆಯುತ್ತಿದ್ದೇನೆ.

ದವಡೆ ಹಲ್ಲಿಗೆ ಚಿಕಿತ್ಸೆ ಮುಗಿಸಿ, ಕ್ಯಾಪ್ ಹಾಕಿ ಕಳಿಸಿದರು. ನೋವು ಹೋಗಲೇ ಇಲ್ಲ. ಕೇಳಿದಾಗೆಲ್ಲ ‘ಸ್ವಲ್ಪ ದಿನ ಇರುತ್ತೆ ಅಮ್ಮಾ’ ಎಂದು ಮಾತ್ರೆ ಬರೆದುಕೊಟ್ಟರು. ಕೊನೆಗೆ ವಸಡು ಊದಿ ಕೀವು ಬಂತು. ಬೇರೆ ಕಡೆ ಎಕ್ಸ್‌ರೇ ತೆಗೆಸಿದರೆ ಹಲ್ಲಿನ ಬೇರಿನಲ್ಲಿ ಮುರಿದ ಫೈಲ್‌ನ ತುಂಡು! ಫೈಲ್ ಅಂದರೆ ಬೇರಿನ ಒಳಗೆ ಕ್ಲೀನ್ ಮಾಡುವ ಸೂಜಿಯಂಥ ಸಾಧನ. ನುರಿತ ಕೈಯಲ್ಲೂ ಅದು ಒಮ್ಮೊಮ್ಮೆ ಮುರಿಯುತ್ತದೆ. ಮುರಿದದ್ದಕ್ಕೆ ನನಗೆ ಸಿಟ್ಟಿಲ್ಲ. ಮುಚ್ಚಿಟ್ಟರಲ್ಲ, ಅದಕ್ಕೆ ಸಿಟ್ಟು.

ದೂರು ಕೊಡೋಣವೆಂದರೆ ಯಾರ ಮೇಲೆ? ಬಿಲ್‌ನಲ್ಲಿ ಕ್ಲಿನಿಕ್ ಹೆಸರು ಮಾತ್ರ ಇತ್ತು. ಬೋರ್ಡಿನಲ್ಲಿ ಹೆಸರಿದ್ದ ಡಾಕ್ಟರು ಅಮ್ಮನ ಬಾಯಿಯನ್ನೇ ನೋಡಿರಲಿಲ್ಲ. ಚಿಕಿತ್ಸೆ ಮಾಡಿದವರು ಹೊರಗಿನಿಂದ ಬಂದುಹೋಗುವ ವಿಸಿಟಿಂಗ್ ಡಾಕ್ಟರ್. ಹೆಸರು ಕೇಳಿದರೆ ‘ಅವರು ಈಗ ಬರ್ತಿಲ್ಲ’ ಎಂಬ ಒಂದೇ ಉತ್ತರ.

ಇಲ್ಲೇ ಇರೋದು ತೊಡಕು. ಹಲ್ಲಿನ ಡಾಕ್ಟರ ಮೇಲಿನ ದೂರು ಕೇಳುವ ರಾಜ್ಯ ಡೆಂಟಲ್ ಕೌನ್ಸಿಲ್ ಎಂಬ ವ್ಯವಸ್ಥೆ ಬಂದದ್ದು 1948ರ ದಂತವೈದ್ಯರ ಕಾಯ್ದೆಯಿಂದ. ಅದರ ಕೈಯಲ್ಲಿರುವುದು ವೈದ್ಯರ ರಿಜಿಸ್ಟರ್. ಹಾಗಾಗಿ ಅಲ್ಲಿ ದೂರು ನಿಲ್ಲುವುದು ಒಬ್ಬ ವೈದ್ಯರ ಮೇಲೆ, ಕ್ಲಿನಿಕ್ ಮೇಲಲ್ಲ. ಆ ವೈದ್ಯರಿಗೆ ತಮ್ಮ ಮಾತು ಹೇಳಲು ಅವಕಾಶ ಕೊಡಬೇಕು. ತಪ್ಪು ಸಾಬೀತಾದರೆ ಸ್ವಲ್ಪ ಕಾಲಕ್ಕೋ ಶಾಶ್ವತವಾಗಿಯೋ ರಿಜಿಸ್ಟರ್‌ನಿಂದ ಹೆಸರು ತೆಗೆಯಬಹುದು. ಹೆಸರೇ ಗೊತ್ತಿಲ್ಲದಿದ್ದರೆ ಯಾರನ್ನು ಕರೆಯುತ್ತಾರೆ ಹೇಳಿ?

ಕ್ಲಿನಿಕ್ ಮೇಲಿನ ದೂರಿಗೆ ಕರ್ನಾಟಕದಲ್ಲಿ ಬೇರೆ ದಾರಿ ಇದೆ. ಖಾಸಗಿ ಕ್ಲಿನಿಕ್‌ಗಳೆಲ್ಲ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ. ನಾವು ಅಲ್ಲಿಗೆ ಬರೆದ ಮೇಲೆಯೇ ಆ ವೈದ್ಯರ ಹೆಸರು, ಅಮ್ಮನ ದಾಖಲೆ ಕೈಗೆ ಬಂದದ್ದು.

ಅಷ್ಟರಲ್ಲಿ ಕ್ಲಿನಿಕ್‌ನ ಮ್ಯಾನೇಜರ್ ಫೋನ್ ಮಾಡಿ, ಹಣ ವಾಪಸ್ ಕೊಡುತ್ತೇವೆ, ಒಂದು ಕಾಗದಕ್ಕೆ ಸಹಿ ಹಾಕಿ ಎಂದರು. ಎಲ್ಲೂ ದೂರು ಕೊಡುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಅಮ್ಮ ಹಾಕಲಿಲ್ಲ. ನೀವೂ ವಕೀಲರಿಗೆ ತೋರಿಸದೆ ಇಂಥದ್ದಕ್ಕೆ ಸಹಿ ಹಾಕಬೇಡಿ.

ಇನ್ನೊಂದು ವಿಷಯ. ಕೌನ್ಸಿಲ್ ನಿಮಗೆ ಪರಿಹಾರದ ಹಣ ಕೊಡಿಸುವುದಿಲ್ಲ. ಅದಕ್ಕೆ ಗ್ರಾಹಕರ ಆಯೋಗಕ್ಕೇ ಹೋಗಬೇಕು. ಹಣ ಕೊಟ್ಟು ಪಡೆದ ಚಿಕಿತ್ಸೆಯೂ ಗ್ರಾಹಕ ಕಾನೂನಿನಡಿ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನೀವು ವಾಸವಿರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆದರೆ 2 ವರ್ಷದೊಳಗೆ ಹಾಕಬೇಕು. ಕೌನ್ಸಿಲ್ ತೀರ್ಮಾನ ಬರಲಿ ಎಂದು ಸುಮ್ನೆ ಕಾಯುತ್ತಾ ಕೂತರೆ ಈ ಗಡುವು ಜಾರಿಹೋಗುತ್ತದೆ. ಎರಡನ್ನೂ ಒಟ್ಟಿಗೇ ನಡೆಸಬಹುದು, ನಾವೂ ಹಾಗೇ ಮಾಡಿದ್ದೇವೆ.

ಕುರ್ಚಿ ಮೇಲೆ ಕೂರುವ ಮೊದಲೇ ಡಾಕ್ಟರ ಹೆಸರು, ನೋಂದಣಿ ಸಂಖ್ಯೆ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಚಿಕಿತ್ಸೆಗೆ ಮೊದಲಿನ ಮತ್ತು ನಂತರದ ಎಕ್ಸ್‌ರೇ ಎರಡನ್ನೂ ಕೇಳಿ ಪಡೆಯಿರಿ. ನೋಂದಣಿಯೇ ಇಲ್ಲದವರು ಹಲ್ಲಿಗೆ ಕೈ ಹಾಕಿದ್ದರೆ ಕೌನ್ಸಿಲ್‌ಗೆ ತೆಗೆಯಲು ರಿಜಿಸ್ಟರ್‌ನಲ್ಲಿ ಹೆಸರೇ ಇರುವುದಿಲ್ಲ. ಆಗ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ.