ಊಮೆ ನದಿಯ ಮೀನು ಏಣಿ: ಹತ್ತುವುದು ಸಲೀಸು, ಬುಡ ಸೇರುವುದೇ ಕಷ್ಟ

ಉತ್ತರ ಸ್ವೀಡನ್ನಿನ ಸ್ಟೂರ್‌ನೋರ್‌ಫೋರ್ಸ್ ಅಣೆಕಟ್ಟನ್ನು ಸಾಲ್ಮನ್ ಮೀನುಗಳು ದಾಟಲೆಂದು 2010ರಲ್ಲಿ ತೆರೆದ ಏಣಿ ಇದು. ಉದ್ದ ಸುಮಾರು 300 ಮೀಟರ್. ಇದನ್ನು ಹತ್ತಿದ ಮೀನಿಗೆ ಮುಂದೆ ವಿಂಡೆಲ್ ನದಿ ಸಿಗುತ್ತದೆ. ಅದಕ್ಕೆ ಅಣೆಕಟ್ಟು ಬೇಡವೆಂದು ಸರ್ಕಾರ 1970ರಲ್ಲೇ ತೀರ್ಮಾನಿಸಿತ್ತು. ಮೊಟ್ಟೆಯಿಡುವ ಜಲ್ಲಿಹಾಸು ಅಲ್ಲಿ ಇನ್ನೂ ಉಳಿದಿದೆ.

ಏಣಿಯ ಕಟ್ಟಡಕ್ಕೆ ಪೂರ್ತಿ ಅಂಕ. ಮೆಟ್ಟಿಲು ಮೆಟ್ಟಿಲಾಗಿ ಏರುವ ತೊಟ್ಟಿಗಳು, ಒಂದರಿಂದ ಇನ್ನೊಂದಕ್ಕೆ ಸಣ್ಣ ಏರು. ಮೀನು ಸೆಳವು ಕಡಿಮೆಯಿರುವ ಮೂಲೆಯಲ್ಲಿ ದಣಿವಾರಿಸಿಕೊಂಡು ಮುಂದಿನದಕ್ಕೆ ಏರುತ್ತದೆ. ಮೇಲಕ್ಕೆ ಹೋದ ಮೀನುಗಳ ಲೆಕ್ಕವನ್ನೂ ಇಡುತ್ತಾರೆ.

ತೊಡಕಿರುವುದು ಬುಡದಲ್ಲಿ. 1958ರಿಂದ ನಡೆಯುತ್ತಿರುವ ವಿದ್ಯುತ್ ಕೇಂದ್ರ ಸೆಕೆಂಡಿಗೆ ಸುಮಾರು 1000 ಘನ ಮೀಟರ್‌ವರೆಗೆ, ಅಂದರೆ 35 ಸಾವಿರ ಕ್ಯೂಸೆಕ್‌ನಷ್ಟು, ನೀರನ್ನು ಟರ್ಬೈನ್‌ಗಳಿಗೆ ಹರಿಸಬಲ್ಲದು. ಆ ನೀರು 4 ಕಿ.ಮೀ. ಸುರಂಗದಲ್ಲಿ ಹರಿದು ಕೆಳಗೆಲ್ಲೋ ನದಿ ಸೇರುತ್ತದೆ. ಏಣಿ ಇರುವುದು ಸುಮಾರು 8 ಕಿ.ಮೀ. ಉದ್ದದ ಹಳೆಯ ಪಾತ್ರದ ತುದಿಯಲ್ಲಿ. ಅಲ್ಲಿಗೆ ಬಿಡುವುದು ಸ್ವಲ್ಪವೇ ನೀರು. ಸಾಲ್ಮನ್ ದೊಡ್ಡ ಹರಿವನ್ನೇ ನಂಬಿ ಹೋಗುವ ಮೀನು. ಎರಡೂ ಹರಿವು ಕೂಡುವಲ್ಲಿ ಅದು ಸುರಂಗದ ಬಾಯಿಗೆ ತಿರುಗಿ, ದಾರಿ ಕಾಣದೆ ದಿನ ಕಳೆಯುತ್ತದೆ. ಹಳೆಯ ಏಣಿಯ ಕಾಲದಲ್ಲಿ ಟ್ಯಾಗ್ ಹಾಕಿ ಹಿಂಬಾಲಿಸಿದಾಗ, ಸರಾಸರಿ ಮೂರನೇ ಒಂದು ಪಾಲು ಮೀನೂ ಮೇಲೆ ತಲುಪಿರಲಿಲ್ಲ. ಹೊಸ ಏಣಿಯಿಂದ ಹತ್ತುವುದು ಸುಧಾರಿಸಬಹುದು, ಈ ಕವಲಿನ ಗೊಂದಲ ತೀರುವುದಿಲ್ಲ. ಹಳೆಯ ಪಾತ್ರಕ್ಕೆ ಹೆಚ್ಚು ನೀರು ಬಿಡಲೇಬೇಕು, ಹಾಗೆ ಬಿಟ್ಟಷ್ಟೂ ವಿದ್ಯುತ್ ಖೋತಾ. ಇದಕ್ಕಾಗಿ ಒಂದು ಅಂಕ ಕಡಿತ.

ನೋಡಲು ಹೋಗುವವರಿಗೆ ಜುಲೈ ಒಳ್ಳೆಯ ಕಾಲ. ನೀರಿನ ಮೇಲಿನ ಹೊಳಪು ಕಣ್ಣಿಗೆ ಹೊಡೆಯುವುದರಿಂದ ಪೋಲರೈಸ್ಡ್ ಕನ್ನಡಕ ಬೇಕೇ ಬೇಕು. ಬೆನ್ನಿನ ಮೇಲೆ, ಬಾಲದ ಹತ್ತಿರ ಇರುವ ಪುಟ್ಟ ಕೊಬ್ಬುರೆಕ್ಕೆಯನ್ನು ಗಮನಿಸಿ: ಅದು ಕತ್ತರಿಸಿದ್ದರೆ ಸಾಕಣೆ ಕೇಂದ್ರದಲ್ಲಿ ಬೆಳೆಸಿ ಬಿಟ್ಟ ಮೀನು, ಇದ್ದರೆ ಬಹುಮಟ್ಟಿಗೆ ನದಿಯಲ್ಲೇ ಹುಟ್ಟಿದ್ದು. ಏಣಿಯ ಹತ್ತಿರ ಗಾಳ ಹಾಕುವಂತಿಲ್ಲ. ಹಳೆಯ ಪಾತ್ರದ ಬಂಡೆಗಳ ಮೇಲಂತೂ ಇಳಿಯಲೇಬೇಡಿ, ಗೇಟು ತೆರೆದರೆ ನೀರು ದಿಢೀರನೆ ಏರುತ್ತದೆ.

ಇನ್ನರ್ಧ ಅಂಕ ಕಳೆಯಬೇಕಾದದ್ದು ಮರುಪ್ರಯಾಣಕ್ಕೆ. ಬೇಸಿಗೆಯ ಆರಂಭದಲ್ಲಿ ಕಡಲಿಗೆ ಹೊರಡುವ ಮರಿಗಳೂ ಮೊಟ್ಟೆಯಿಟ್ಟು ಬಳಲಿದ ದೊಡ್ಡ ಮೀನುಗಳೂ ಹರಿವಿನ ಜೊತೆಗೇ ಇಳಿಯುತ್ತವೆ. ಹೆಚ್ಚಿನ ಹರಿವು ಟರ್ಬೈನಿಗೆ ಹೋಗುವಾಗ ಅವೂ ಅದೇ ದಾರಿ ಹಿಡಿಯುತ್ತವೆ. ಉದ್ದದ ಮೀನಿಗೆ ಅಲಗಿನ ಏಟು ಬೀಳುವ ಸಂಭವ ಜಾಸ್ತಿ. ಐದಕ್ಕೆ ಮೂರೂವರೆ.