ಉದ್ಯಮಬಾಗದ ಲೇತ್ ಅಂಗಡಿ, ಹಳೇ ಹಾಯಿದೋಣಿ ಇದ್ದವ್ರು ಹೋಗ್ಲೇಬೇಕು

ಬೆಳಗಾವ್ಯಾಗ ಥರ್ಡ್ ಗೇಟ್ ದಾಟಿ ಖಾನಾಪುರ ರೋಡ್ ಹಿಡದು ಉದ್ಯಮಬಾಗದೊಳಗ ಹೊಕ್ರ ಫೌಂಡ್ರಿಗಳ ಹಿಂದ ಒಂದು ಸಣ್ಣ ಲೇತ್ ಅಂಗಡಿ ಐತ್ರಿ. ಬೋರ್ಡ್ ಇಲ್ಲ, ಮಾಲಕರು ಹೆಸರು ಹಾಕಬ್ಯಾಡ್ರಿ ಅಂದಾರ, ಅದಕ್ಕ ಹಾಕಿಲ್ಲ, ಬೇಕಾದವ್ರು ಕೇಳಿದ್ರ ದಾರಿ ಹೇಳ್ತೀನಿ. ದಿನಾ ಮಾಡೋದು ಪಂಪು, ವಾಲ್ವಿನ ಕೆಲಸ, ಆದ್ರ ನನ್ನ ಹಾಯಿದೋಣಿಗೆ ಇವ್ರು ಮಾಡಿಕೊಟ್ಟಿದ್ದು ನೋಡಿದ ಮ್ಯಾಲೆ ಬರೀಲೇಬೇಕು ಅನಿಸ್ತು.

ನಮ್ಮ ಮನಿ ಬೆಳಗಾವಿಯ ಶಹಾಪುರದಾಗ, ನಾನು ಇರೋದು ಮಾತ್ರ ಪಣಜಿ ಹತ್ರ ಮಾಂಡವಿ ನದಿಯೊಳಗ, ನಲವತ್ತು ವರ್ಷ ದಾಟಿದ ಒಂದು ಫೈಬರ್ ಹಾಯಿದೋಣಿಯೊಳಗ. (ಮಾಂಡವಿ ಅಂದ್ರ ನಮ್ಮ ಮಹದಾಯಿನ, ಖಾನಾಪುರ ತಾಲೂಕಿನ ಭೀಮಗಡದ ಕಾಡಿನಾಗ ಹುಟ್ಟಿದ್ದು.) ಅಡಿಗಿ, ನಿದ್ದಿ, ರಿಪೇರಿ ಎಲ್ಲಾ ದೋಣಿಯಾಗ. ಮಲಗೋ ಜಾಗದ ಮ್ಯಾಲಿನ ಕಪಾಟಿನಾಗ ಕಂದು ಗೆರಿ ಇಳದಿತ್ತು, ಒರಿಸಿದ್ರ ಮತ್ತ ಬರ್ತಿತ್ತು, ಅದು ಚೈನ್‌ಪ್ಲೇಟಿನ ತುಕ್ಕು. ಚೈನ್‌ಪ್ಲೇಟ್ ಅಂದ್ರ, ಮಾಸ್ಟನ್ನ (ಹಾಯಿ ಕಟ್ಟೋ ಕಂಬ) ಎರಡೂ ಬಾಜೂಕ ಎಳದು ಹಿಡಿಯೋ ಸ್ಟೀಲ್ ವೈರ್ ಇರ್ತಾವಲ್ಲ, ಅವನ್ನ ದೋಣಿ ಮೈಗೆ ಕಟ್ಟೋ ಪಟ್ಟಿ, ಡೆಕ್ಕಿನ ಸೀಳಿನಾಗಿಂದ ಕೆಳಗ ಇಳದಿರ್ತೈತಿ. ಗಾಳಿಯಾಗ ಇದೊಂದು ಮುರದ್ರ ಮಾಸ್ಟ್ ನೆಲಾ ಹಿಡೀತೈತಿ.

ಬಿಚ್ಚಿ ನೋಡಿದ್ರ ಡೆಕ್ ಮ್ಯಾಲಿನ ಭಾಗ ಫಳಫಳ, ಕೆಳಗಿನ ಭಾಗನೂ ಫಳಫಳ, ನಡುವ ಡೆಕ್ಕಿನ ದಪ್ಪದೊಳಗ ಹುದುಗಿದ್ದ ಎರಡು ಬಟ್ಟಿನಷ್ಟು ಜಾಗದಾಗ ಮಾತ್ರ ಕರ್ರಗ ಚುಕ್ಕಿ, ಅದರಾಗ ಕೂದಲೆಳಿಯಂಥ ಅಡ್ಡ ಬಿರುಕು. ಸ್ಟೇನ್‌ಲೆಸ್ ಅಂದ್ರ ತುಕ್ಕೇ ಹಿಡಿಯೂದಿಲ್ಲ ಅಂತ ಮಂದಿ ತಿಳಕೊಂಡಾರ. ಆಕ್ಸಿಜನ್ ಸಿಕ್ರ ಅದರ ಮೈಮ್ಯಾಲಿನ ಕ್ರೋಮಿಯಂ ಪದರ ಮತ್ತ ಮತ್ತ ಕಟ್ಕೋತೈತಿ, ಸಂದಿ ಮುಚ್ಚಿದ ಸೀಲಂಟ್ ಬಿಟ್ಟು ಉಪ್ಪುನೀರು ಸಂದಿನಾಗ ನಿಂತ್ರ ಆಕ್ಸಿಜನ್ ಸಿಗೂದಿಲ್ಲ, ಅಲ್ಲೇ ತಿನ್ನಾಕ ಶುರು ಆಗ್ತೈತಿ.

ಕರಾವಳಿ ಕಡೆ ಒಂದು ವರ್ಕ್‌ಶಾಪಿನವ್ರು ಬಿರುಕಿಗೆ ವೆಲ್ಡ್ ಹೊಡದು ಕೊಡ್ತೀವಿ ಅಂದಿದ್ರು. ಇಲ್ಲಿ ಮಾಲಕರು ಪಟ್ಟಿ ಕೈಯಾಗ ತಗೊಂಡು ಮೊದಲು ಕೇಳಿದ್ದು, ನೀರು ಎಲ್ಲಿ ನಿಂದರ್ತೈತಿ, ಎಳೆತ ಯಾವ ದಿಕ್ಕಿಗೆ ಅಂತ. ಆಮ್ಯಾಲೆ, ಬಿರುಕು ಒಳಗ ಎಷ್ಟು ಹೋಗೈತಿ ಕಣ್ಣಿಗೆ ಕಾಣೂದಿಲ್ಲ, ವೆಲ್ಡಿನ ಮಾತ ಬ್ಯಾಡ, ಎಲ್ಲಾ ಹೊಸಾದು ಮಾಡೂಣು ಅಂದ್ರು. ದೋಣಿ ಕೆಲಸ ಮಾಡದೇ ಇದ್ದವ್ರು ಈ ಪ್ರಶ್ನೆ ಕೇಳಿದ್ರಲ್ಲ, ನನಗ ಅಲ್ಲೇ ವಿಶ್ವಾಸ ಬಂತು.

ಮಟೀರಿಯಲ್ 316 ಅನ್ನೋ ಜಾತಿ ಸ್ಟೇನ್‌ಲೆಸ್ ತರಿಸಿದ್ರು. ಅಡಿಗಿ ಮನಿ ಸಿಂಕಿಗೆ ಹಾಕೋ 304 ನೋಡಾಕ ಹಂಗ ಇರ್ತೈತಿ, ಮ್ಯಾಗ್ನೆಟ್ ಹಿಡದ್ರೂ ಫರಕ್ ತಿಳಿಯೂದಿಲ್ಲ, ಆದ್ರ 316ರಾಗ 2ರಿಂದ 3 ಪರ್ಸೆಂಟ್ ಮಾಲಿಬ್ಡಿನಂ ಇರ್ತೈತಿ, ಉಪ್ಪಿಗೆ ತಡಕೊಳ್ಳೋದು ಅದರಿಂದ. ಟೆಸ್ಟ್ ಸರ್ಟಿಫಿಕೇಟ್ ತರಿಸಿ, ಪ್ಲೇಟಿನ ಮ್ಯಾಲಿನ ಹೀಟ್ ನಂಬರ್ (ಸ್ಟೀಲ್ ಯಾವ ಬ್ಯಾಚಿನದು ಅಂತ ಹೇಳೋ ನಂಬರ್) ನನ್ನ ಎದುರಿಗೇ ತಾಳೆ ಹಾಕಿ ತೋರಿಸಿದ್ರು, ಕೇಳೂ ಮೊದ್ಲೇ. ತೂತು ಹೊಡೆಯೋವಾಗ ಸ್ಪೀಡ್ ಕಡಿಮಿ, ಒತ್ತು ಜಾಸ್ತಿ, ಕೂಲಂಟ್ ಸತತ, ಯಾಕಂದ್ರ ಬಿಟ್ ಸುಮ್ಮ ತಿಕ್ಕಿದ್ರ ಈ ಸ್ಟೀಲ್ ಅಲ್ಲೇ ಗಟ್ಟಿ ಆಗಿಬಿಡ್ತೈತಿ. ಅಂಚು ಎಲ್ಲಾ ದುಂಡಗ ಮಾಡಿ ಬಫ್ ಹೊಡದು ಕೊಟ್ರು. ಇದು ಚಂದಕ್ಕ ಅಷ್ಟ ಅಲ್ರಿ, ಗೀರು ಇದ್ರ ಉಪ್ಪು ಅದರಾಗ ಕೂಡ್ತೈತಿ.

ಮಾಸ್ಟ್ ಇಳಸದ, ದೋಣಿಯಾಗ ಇದ್ಕೊಂಡ, ಮಾಸ್ಟ್ ಬೀಳದ ಹಂಗ ಮೊದಲು ಆ ಬಾಜೂಕ ಹಾಯಿ ಏರಿಸೋ ಹಗ್ಗ ಬಿಗಿದು, ಒಂದೊಂದು ಪಟ್ಟಿ ಬಿಚ್ಚಿ ಹೊಸಾದು ಕೂಡಿಸಿದೆ. ಒಂದು ತೂತೂ ಅರ ಹಿಡಿದು ಉಜ್ಜೋದು ಬೀಳಲಿಲ್ಲ, ಬೋಲ್ಟ್ ಎಲ್ಲಾ ಕೈಯಿಂದಾನ ಒಳಗ ಹೋದ್ವು! ಹಳೇ ದೋಣಿ ರಿಪೇರಿ ಮಾಡಿದವ್ರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು.

ಕೊರತೀನೂ ಹೇಳ್ಬೇಕಲ್ಲ. ಹೇಳಿದ ದಿನಕ್ಕ ಕೊಡೂದಿಲ್ಲ, ಬಫಿಂಗ್ ಹೊರಗ ಕೊಡ್ತಾರ, ಅಲ್ಲಿ ತಡ ಆಗ್ತೈತಿ. ಮಾಸ್ಟಿನ ವೈರಿನ ತುದಿಗೆ ಟರ್ಮಿನಲ್ ಒತ್ತೋ ಮಶೀನ್ ಇಲ್ಲ, ಅದನ್ನ ಬ್ಯಾರೆ ಕಡೆ ನೋಡ್ಕೋಬೇಕು. ತಳದಾಗಿನ ನೀರಿನ ವಾಲ್ವಿನ ಬಾಡಿ ಗನ್‌ಮೆಟಲ್‌ದಾಗ (ಒಂದು ಜಾತಿ ಕಂಚು) ಎರಕ ಹೊಯ್ಸಿ ಕೊಡ್ರಿ ಅಂದೆ (ಹಳೇದು ಹಿತ್ತಾಳಿ, ಜಿಂಕ್ ಎಲ್ಲಾ ಬಸದು ಗುಲಾಬಿ ಬಣ್ಣಕ್ಕ ತಿರುಗಿ ಸುತ್ತಿಗಿ ತಾಗಿಸಿದ್ರ ಪುಡಿ ಆಗ್ತಿತ್ತು), ಆದ್ರ ಒಂದೆರಡು ಪೀಸಿಗೆ ಪ್ಯಾಟರ್ನ್ (ಎರಕದ ಅಚ್ಚು ತಗಿಯೋ ಮಾದರಿ) ಖರ್ಚೇ ಜಾಸ್ತಿ, ದೊಡ್ಡ ಫೌಂಡ್ರಿಯವ್ರು ಹಿಡಿಯೂದಿಲ್ಲ, ಇವ್ರು ಬ್ಯಾರೆಯವರ ಎರಕದ ಜೋಡಿ ಸೇರಿಸ್ತೀನಿ ಅಂದಾರ, ಇನ್ನೂ ಬಂದಿಲ್ಲ. ರೇಟು ಮಾತ್ರ ನ್ಯಾಯ: ಮಟೀರಿಯಲ್ ಕಿಲೋ ಲೆಕ್ಕ, ಲೇತ್ ತಾಸಿನ ಲೆಕ್ಕ, ಎರಡೂ ಬಿಲ್ಲಿನಾಗ ಬ್ಯಾರೆ ಬ್ಯಾರೆ ಬರದಿರ್ತಾರ.

ಹೋಗೋವ್ರು ಡ್ರಾಯಿಂಗ್ ಇದ್ರೂ ಹಳೇ ಪೀಸ್ ಜೋಡಿ ಒಯ್ರಿ, ಬೆಂಡಿನ ಕೋನ ಅದರ ಮ್ಯಾಲಿಂದಾನ ತಗೋತಾರ. ಜನವರಿ, ಫೆಬ್ರವರಿಯಾಗ ಹೋಗ್ರಿ. ಕಬ್ಬಿನ ಸೀಜನ್ ಮುಗದು ಸಕ್ಕರಿ ಫ್ಯಾಕ್ಟರಿ ಬಂದ್ ಆದ್ವು ಅಂದ್ರ ಅವರ ರಿಪೇರಿ ಕೆಲಸಾನ ಅಂಗಡಿ ತುಂಬಿರ್ತೈತಿ, ನಿಮ್ಮ ಪಟ್ಟಿ ಮಳಿಗಾಲದ ಮೊದಲು ಕೈಗೆ ಸಿಗೂದಿಲ್ಲ.