ರೋಹ್ಸ್ ಟೆಸ್ಟ್ ಮಾಡಿಸೋರು ಒಂದ್ಸಲ ಓದಿ, ನಾನು ಟೋಪಿ ಹಾಕಿಸ್ಕೊಂಡ ಕಥೆ

ಇದನ್ನ ಬರೀಬೇಕೋ ಬೇಡ್ವೋ ಅಂತ ತುಂಬಾ ದಿನ ಒದ್ದಾಡಿದೀನಿ. ಬರೆದ್ರೆ ಹೋಗೋದು ನನ್ನ ಮರ್ಯಾದೆನೇ, ಗೊತ್ತು. ಆದ್ರೆ ನಮ್ಮ ಲೈನ್‌ನವರೇ ಇನ್ನಿಬ್ರು ನನಗೆ ಟೋಪಿ ಹಾಕಿದ ಟೆಸ್ಟಿಂಗ್ ಏಜೆನ್ಸಿಗೇ ಸ್ಯಾಂಪಲ್ ಕೊಟ್ಟು ಕೂತಿದಾರೆ ಅಂತ ನಿನ್ನೆ ಗೊತ್ತಾಯ್ತು, ಅದಕ್ಕೇ ಬರೀತಿದೀನಿ. ಹೆಸರು ಹಾಕಲ್ಲ, ಕೇಳ್ಬೇಡಿ.

ನಮ್ದು ಸಣ್ಣ ಯೂನಿಟ್, ಎಲ್‌ಇಡಿ ಟೇಬಲ್ ಲ್ಯಾಂಪ್ ಮಾಡ್ತೀವಿ. ಯುರೋಪಿನ ಒಬ್ಬ ಬಯರ್ ರೋಹ್ಸ್ ರಿಪೋರ್ಟ್ ಕಳಿಸಿ ಅಂದ, ಅಂದ್ರೆ ಮಾಲಲ್ಲಿ ಸೀಸದಂಥ (ಲೆಡ್) ಅಪಾಯಕಾರಿ ವಸ್ತುಗಳು ಮಿತಿಯೊಳಗಿವೆ ಅನ್ನೋ ಟೆಸ್ಟ್ ರಿಪೋರ್ಟು. ಅಲ್ಲಿಗೆ ಮಾಲು ಹೋಗ್ಬೇಕಂದ್ರೆ ಸಿಇ ಮಾರ್ಕು (ಯುರೋಪಿನ ನಿಯಮಕ್ಕೆ ಸರಿಯಿದೆ ಅನ್ನೋ ಗುರುತು), ಸಿಇ ಅಂದ್ಮೇಲೆ ರೋಹ್ಸೂ ಬಂತು, ನಿಮಗೆಲ್ಲ ಗೊತ್ತಿರೋದೇ. ಒಂದು ದೊಡ್ಡ ಲ್ಯಾಬ್‌ನವರು ವೈರ್‌ನ ಸಿಪ್ಪೆ ಬೇರೆ, ಒಳಗಿನ ತಾಮ್ರ ಬೇರೆ, ಬೆಸುಗೆ ಬೇರೆ, ಪೇಂಟ್ ಬೇರೆ ಅಂತ ಒಂದೊಂದಕ್ಕೂ ಲೆಕ್ಕ ಹಾಕಿ ಕೊಟೇಶನ್ ಕೊಟ್ರು, ಎದೆ ಧಸಕ್ ಅಂತು. ಈ ಏಜೆನ್ಸಿಯವನು ಫೋನಲ್ಲೇ "ಫುಲ್ ಪ್ರಾಡಕ್ಟ್ ಸರ್, ಒಂದೇ ರೇಟು, ಮೂರೇ ದಿನ, ಪಾಸ್ ಗ್ಯಾರಂಟಿ" ಅಂದ. ಪಾಸ್ ಗ್ಯಾರಂಟಿ! ಟೆಸ್ಟಿಗೆ ಮುಂಚೆನೇ ಪಾಸ್ ಗ್ಯಾರಂಟಿ ಅಂದ್ರೆ ಅದೆಂಥ ಟೆಸ್ಟು ಅಂತ ಆಗ ನನ್ ತಲೆಗೇ ಹೋಗ್ಲಿಲ್ಲ, ದುಡ್ಡು ಉಳೀತು ಅನ್ನೋದಷ್ಟೇ ಹೋಯ್ತು.

ಮೂರನೇ ದಿನ ಪಿಡಿಎಫ್ ಬಂತು. ಚಿನ್ನದ ಬಣ್ಣದ ಬಾರ್ಡರು, ದೊಡ್ಡ ಸೀಲು, ಮೇಲೆ ಸರ್ಟಿಫಿಕೇಟ್ ಅಂತ. ಓದ್ಲಿಲ್ಲ, ಪಾಸ್ ಅನ್ನೋದು ಕಂಡಿದ್ದೇ ಬಯರ್‌ಗೆ ಫಾರ್ವರ್ಡ್ ಮಾಡ್ದೆ.

ನಾಲ್ಕು ದಿನ ಬಿಟ್ಟು ಸ್ಯಾಂಪಲ್ ಲ್ಯಾಂಪ್ ವಾಪಸ್ ಬಂತು. ಇಲ್ಲಿ ಕೇಳಿ. ನಾವು ಲ್ಯಾಂಪಿನ ತಳದ ನಾಲ್ಕು ಸ್ಕ್ರೂ ಮೇಲೂ ಒಂದೊಂದು ಚುಕ್ಕೆ ಕೆಂಪು ನೇಲ್ ಪಾಲಿಶ್ ಹಾಕ್ತೀವಿ, ವಾರಂಟಿ ಪೀಸನ್ನ ಯಾರಾದ್ರೂ ಬಿಚ್ಚಿದ್ರೆ ಗೊತ್ತಾಗ್ಲಿ ಅಂತ. ನಾಲ್ಕೂ ಚುಕ್ಕೆ ಹಾಕಿದ್ದು ಹಾಕಿದ್ ಹಾಗೇ ಇದೆ! ಒಂದು ಬಿರುಕಿಲ್ಲ. ವೈರ್ ಎತ್ತಿ ನೋಡ್ದೆ, ಎಲ್ಲೂ ಕತ್ತರಿಸಿಲ್ಲ, ಒಂದು ಗೀರೂ ಇಲ್ಲ. ರಿಪೋರ್ಟಲ್ಲಿ ಮಾತ್ರ "ಪಿಸಿಬಿ ಸೋಲ್ಡರ್: ಲೆಡ್ ಎನ್‌ಡಿ" ಅಂತಿದೆ, ಅಂದ್ರೆ ಒಳಗಿನ ಸರ್ಕ್ಯೂಟ್ ಬೋರ್ಡಿನ ಬೆಸುಗೇಲಿ ಲೆಡ್ ಪತ್ತೆಯಾಗಿಲ್ಲ ಅಂತ. ಬಿಚ್ಚದೇ ಇರೋ ಲ್ಯಾಂಪಿನ ಬೆಸುಗೆ ನೋಡಿದ್ದು ಯಾರು ಸ್ವಾಮಿ? ಲ್ಯಾಂಪ್ ಕೈಯಲ್ಲಿ ಹಿಡ್ಕೊಂಡು ಎಷ್ಟೊತ್ತು ನಿಂತಿದ್ನೋ ಗೊತ್ತಿಲ್ಲ, ಹುಡುಗರೆಲ್ಲ ನೋಡ್ತಿದ್ರು.

ಅವತ್ತು ರಾತ್ರಿ ರಿಪೋರ್ಟ್ ಪೂರ್ತಿ ಓದ್ದೆ, ಮೊದಲೇ ಮಾಡ್ಬೇಕಿತ್ತು. ಟೆಸ್ಟ್ ಮೆಥಡ್ ಅಂತ ಇರೋದು ಬರೀ ಎಕ್ಸ್‌ಆರ್‌ಎಫ್ ಸ್ಕ್ರೀನಿಂಗ್, ಅಂದ್ರೆ ಎಕ್ಸ್‌ರೇ ಬಿಟ್ಟು ಯಾವ ಧಾತು ಎಷ್ಟಿದೆ ಅಂತ ನೋಡೋ ಪ್ರಾಥಮಿಕ ಟೆಸ್ಟು. ಆ ಮೆಷಿನ್ ತೋರ್ಸೋದು ಒಟ್ಟು ಬ್ರೋಮಿನ್ ಎಷ್ಟಿದೆ ಅಂತ ಮಾತ್ರ, ಅದು ಪಿಬಿಬಿನಾ ಪಿಬಿಡಿಇನಾ (ಬೆಂಕಿ ಹತ್ತದ ಹಾಗೆ ಪ್ಲಾಸ್ಟಿಕ್ಕಿಗೆ ಸೇರಿಸೋ, ರೋಹ್ಸ್ ಮಿತಿ ಹಾಕಿರೋ ಬ್ರೋಮಿನ್ ಕೆಮಿಕಲ್‌ಗಳು) ಹೇಳೋಕೆ ಬೇರೆ ಟೆಸ್ಟ್ ಬೇಕು, ಇವರು ಎರಡಕ್ಕೂ ಬೇರೆ ಬೇರೆ ಅಂಕಿ ಕೊಟ್ಟಿದಾರೆ. ಪ್ಲಗ್ಗಿನ ಹಿತ್ತಾಳೆ ಪಿನ್ನಲ್ಲೂ ಲೆಡ್ ಎನ್‌ಡಿ! ಆ ಪಿನ್ ಮಾಡೋ ಹಿತ್ತಾಳೆಗೆ ಸಾಮಾನ್ಯವಾಗಿ ಲೆಡ್ ಸೇರಿಸ್ತಾರೆ, ಅದಕ್ಕೇ ತಾಮ್ರದ ಮಿಶ್ರಲೋಹಕ್ಕೆ 4% ತನಕ ವಿನಾಯಿತಿ ಇರೋದು. ಎಲ್ಲಕ್ಕಿಂತ ಮುಖ್ಯ, ಟೆಸ್ಟ್ ಮಾಡಿದ ವಸ್ತುಗಳ ಪಟ್ಟೀಲಿ ಇದ್ದಿದ್ದು ಆರೇ ಐಟಂ. ನಾಲ್ಕು ಥ್ಯಾಲೇಟ್ (ಪ್ಲಾಸ್ಟಿಕ್ ಮೆತ್ತಗಾಗೋಕೆ ಸೇರಿಸೋ ಕೆಮಿಕಲ್) ಇಲ್ವೇ ಇಲ್ಲ. 2019ರ ಜುಲೈ 22ರಿಂದಾನೇ ಹತ್ತು ಆಗಿದೆ ಕಣ್ರೀ, ಇವರಿನ್ನೂ ಹಳೇ ಟೆಂಪ್ಲೇಟ್ ಇಟ್ಕೊಂಡು ಓಡಿಸ್ತಿದಾರೆ.

ಬೆಳಿಗ್ಗೆ ಫೋನ್ ಮಾಡ್ದೆ. ಅವನ ಉತ್ತರಗಳು ಕೇಳಿ, ಈಗ್ಲೂ ಮೈ ಉರಿಯುತ್ತೆ.

ಬಿಚ್ಚೇ ಇಲ್ವಲ್ರೀ ಅಂದ್ರೆ "ಸರ್ ಅದು ಎಕ್ಸ್‌ರೇ ಅಲ್ವಾ, ಹೊರಗಿಂದಾನೇ ಒಳಗಿರೋದೆಲ್ಲ ಕಾಣುತ್ತೆ." ಅದು ನೋಡೋದು ಮೇಲ್ಮೈ ಮಾತ್ರ, ದಪ್ಪ ಅಲ್ಯೂಮಿನಿಯಂ ಬಾಡಿ ತೂರ್ಕೊಂಡು ಹೋಗಿ ಬೆಸುಗೆ ನೋಡೋಕೆ ಅದೇನು ಮೂರನೇ ಕಣ್ಣಾ? ಥ್ಯಾಲೇಟ್ ಎಲ್ಲಿ ಅಂದ್ರೆ "ನೀವು ಬೇಕು ಅಂತ ಹೇಳ್ಲೇ ಇಲ್ವಲ್ಲ ಸರ್, ರೋಹ್ಸ್ ಅಂದ್ರಿ, ರೋಹ್ಸ್ ಮಾಡಿ ಕೊಟ್ವಿ." ನಾನು ಗಂಟಲು ಏರಿಸಿದ್ಮೇಲೆ "ಎಷ್ಟೋ ಜನ ಇದನ್ನೇ ತಗೊಂಡು ಹೋಗ್ತಾರೆ ಸರ್, ಯಾರೂ ಇಷ್ಟೊಂದು ಕೇಳಲ್ಲ." ಕೊನೆಗೆ ಏನೋ ಉಪಕಾರ ಮಾಡೋ ಥರ "ಟೆನ್ಷನ್ ಬೇಡ, ಸಂಜೆ ಒಳಗೆ ರಿವೈಸ್ಡ್ ಕಾಪಿ ಕಳಿಸ್ತೀನಿ" ಅಂದ.

ಕಳಿಸ್ದ ಕೂಡ! ಸಂಜೆ ಐದಕ್ಕೆ ಹೊಸ ಪಿಡಿಎಫ್, ಅದೇ ಬಾರ್ಡರು, ಅದೇ ಟೆಸ್ಟ್ ಡೇಟು, ಕೆಳಗೆ ನಾಲ್ಕು ಸಾಲು ಜಾಸ್ತಿ. ನಾಲ್ಕೂ ಎನ್‌ಡಿ, ಎಲ್ಲಾ ಪಾಸ್. ಲ್ಯಾಂಪ್ ನನ್ನ ಟೇಬಲ್ ಮೇಲಿದೆ, ಅವನು ಅಲ್ಲಿ ಅದರ ವೈರ್ ಟೆಸ್ಟ್ ಮಾಡ್ತಿದಾನೆ! ನಿಜ ಹೇಳ್ತೀನಿ, ಇದನ್ನೇ ಕಳಿಸಿಬಿಟ್ರೆ ಹೇಗೆ ಅಂತ ಅರ್ಧ ನಿಮಿಷ ನನಗೂ ಅನ್ನಿಸ್ತು. ಅಷ್ಟರಲ್ಲಿ ಬಯರ್ ಮೇಲ್ ಬಂದಿತ್ತು. ಎರಡೇ ಸಾಲು: ನಾಲ್ಕು ಥ್ಯಾಲೇಟ್ ಎಲ್ಲಿ, ಫೋಟೋದಲ್ಲಿರೋ ಲ್ಯಾಂಪಿಗೆ ಕಪ್ಪು ವೈರ್ ಇದೆ, ನಿಮ್ಮ ಮಾಲಿಗೆ ಬಿಳಿ ವೈರ್ ಅಲ್ವಾ? ಫೋಟೋನೂ ನಮ್ದಲ್ಲ! ಅದನ್ನೂ ನಾನು ನೋಡಿರ್ಲಿಲ್ಲ. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಆಮೇಲೆ ಮೊದಲು ಬೇಡ ಅಂದಿದ್ದ ಲ್ಯಾಬಿಗೇ ಹೋಗಿ ಸಾಲು ನಿಂತೆ. ಅವರು ಲ್ಯಾಂಪನ್ನ ಚೂರು ಚೂರು ಮಾಡಿದ್ರು, ವಾಪಸ್ ಬಂದಿದ್ದು ಪ್ಲಾಸ್ಟಿಕ್ ಕವರಲ್ಲಿ. ಬೋರ್ಡ್ ಪಾಸು. ಹಿತ್ತಾಳೆ ಪಿನ್ನಲ್ಲಿ ಲೆಡ್ 3%ಗೆ ಹತ್ತಿರ, ಪಕ್ಕದಲ್ಲೇ ವಿನಾಯಿತಿ ನಂಬರ್ ಸಮೇತ ಬರೆದಿದಾರೆ. ಬಿಳಿ ವೈರಿನ ಪಿವಿಸಿ ಸಿಪ್ಪೇಲಿ ಡಿಇಎಚ್‌ಪಿ (ಆ ನಾಲ್ಕು ಥ್ಯಾಲೇಟಲ್ಲಿ ಒಂದು) 14%. ಲಿಮಿಟ್ಟು 0.1%! ಅದೇ ವೈರಿಗೆ ಆ ಪುಣ್ಯಾತ್ಮ ಎನ್‌ಡಿ ಕೊಟ್ಟಿದ್ದ. ವೈರ್ ಸಪ್ಲೈಯರ್ ಕಥೆ ಇನ್ನೊಂದಿದೆ, ಬಿಡಿ. ಆರ್ಡರ್ ಹೋಯ್ತು, ರೆಡಿ ಇದ್ದ ಅಷ್ಟೂ ಲ್ಯಾಂಪಿನ ವೈರ್ ಕಿತ್ತು ಹಾಕ್ತಿದೀವಿ.

ಟೆಸ್ಟ್ ಕೊಡೋರು ಇಷ್ಟು ಮಾಡಿ. ಲ್ಯಾಬಿಗೆ ಐಎಸ್‌ಒ 17025 (ಟೆಸ್ಟಿಂಗ್ ಲ್ಯಾಬ್‌ಗಳ ಅರ್ಹತೆಯ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡು) ಮಾನ್ಯತೆ ಇದೆಯಾ ಅಂತ ಕೇಳಿ, ಇದೆ ಅಂದ್ರೆ ಸಾಲದು, ಅದರ ಸ್ಕೋಪಲ್ಲಿ, ಅಂದ್ರೆ ಮಾನ್ಯತೆ ಸಿಕ್ಕಿರೋ ಟೆಸ್ಟ್‌ಗಳ ಪಟ್ಟೀಲಿ, ಈ ಟೆಸ್ಟ್‌ಗಳ ವಿಧಾನ ಹೇಳೋ ಐಇಸಿ 62321ರ ಯಾವ್ಯಾವ ಭಾಗ ಇದೆ ನೋಡಿ, ಥ್ಯಾಲೇಟ್‌ದು 8ನೇ ಭಾಗ. ಸ್ಯಾಂಪಲ್ ಇಡಿಯಾಗಿ ವಾಪಸ್ ಬಂದ್ರೆ ಖುಷಿ ಪಡ್ಬೇಡಿ. ಸ್ಕ್ರೂಗೆ ನೇಲ್ ಪಾಲಿಶ್ ಹಾಕಿ ಕಳಿಸಿ, ತಮಾಷೆ ಅಲ್ಲ.

ದುಡ್ಡು ವಾಪಸ್ ಕೇಳ್ದೆ. "ರಿಪೋರ್ಟ್ ಇಶ್ಯೂ ಆದ್ಮೇಲೆ ರೀಫಂಡ್ ಇಲ್ಲ ಸರ್" ಅಂದು ಫೋನ್ ಇಟ್ಟ. ಇವತ್ತು ಬೆಳಿಗ್ಗೆ ಅದೇ ನಂಬರಿಂದ ಮೆಸೇಜು, ನಮ್ಮ ಸರ್ಟಿಫಿಕೇಟ್‌ನ ವರ್ಷಕ್ಕೊಂದ್ಸಲ ರಿನ್ಯೂ ಮಾಡಿಸ್ಬೇಕಂತೆ, ಈಗ್ಲೇ ಬುಕ್ ಮಾಡಿದ್ರೆ ಹಳೇ ಕಸ್ಟಮರ್ ಅಂತ ಡಿಸ್ಕೌಂಟ್ ಕೊಡ್ತಾರಂತೆ.